ಕ್ಯಾರೊಲಿನ್ ಕ್ವೈನರ್‌ಗೆ ಚಕ್ಕುಬಂದಿ

1930ರ ದಶಕದ ಮೊದಲ ವರ್ಷಗಳು. ಅಮೆರಿಕದ ಮಿಸೌರಿಯಿಂದ ಒಬ್ಬ ತಾಯಿ, ಒಬ್ಬ ಮಗಳು ಕಾರು ಹತ್ತಿ ಹೊರಟರು. ತಾಯಿಗೆ ಆಗಲೇ 65ರ ಆಚೀಚೆ ವಯಸ್ಸು. ತಾನು ಪುಟ್ಟ ಮಗುವಾಗಿದ್ದಾಗ ಅಪ್ಪ ಕಟ್ಟಿದ್ದ ಮರದ ದಿಮ್ಮಿಯ ಮನೆ ಎಲ್ಲಿತ್ತು ಅಂತ ನೋಡೋ ಆಸೆ. ಕಾನ್ಸಾಸ್ ರಾಜ್ಯದ ಇಂಡಿಪೆಂಡೆನ್ಸ್ ಊರಿಂದ 40 ಮೈಲಿ ಅಂತ ಅವರ ತಲೆಯಲ್ಲಿ ಕೂತಿತ್ತು. ಅಷ್ಟು ದೂರ ದಕ್ಷಿಣಕ್ಕೆ ಹೋದರೆ ಕಾನ್ಸಾಸ್ ಮುಗಿದು ಒಕ್ಲಹೋಮಾ ಬಂದುಬಿಡುತ್ತೆ. ಅಲ್ಲೆಲ್ಲ ಸುತ್ತಾಡಿದರು. ಮನೆಯ ಜಾಗ ಸಿಗಲಿಲ್ಲ. ಸಿಗೋದಾದರೂ ಹೇಗೆ? ಅದು ಇದ್ದದ್ದು ಕಾನ್ಸಾಸ್ ಒಳಗೇ, ಇಂಡಿಪೆಂಡೆನ್ಸ್‌ನಿಂದ ಸುಮಾರು 13 ಮೈಲಿ ದೂರದಲ್ಲಿ.

ಆ ತಾಯಿ ಲಾರಾ ಇಂಗಲ್ಸ್ ವೈಲ್ಡರ್. ಮಗಳು ರೋಸ್ ವೈಲ್ಡರ್ ಲೇನ್. ತನ್ನ ಬಾಲ್ಯವನ್ನೇ ಮಕ್ಕಳ ಕಾದಂಬರಿಗಳಾಗಿ ಬರೆದು ಲಾರಾ ಜಗತ್ತಿಗೆಲ್ಲ ಪರಿಚಯವಾದರು. ಆದರೆ ನಾನು ಇಲ್ಲಿ ಹೇಳಹೊರಟಿರುವುದು ಲಾರಾ ಬಗ್ಗೆ ಅಲ್ಲ. ಅವರ ಅಮ್ಮ ಕ್ಯಾರೊಲಿನ್ ಬಗ್ಗೆ. ಗಂಡನ ಹಿಂದೆ ಗಾಡಿಯಲ್ಲಿ ಕೂತು ವಿಸ್ಕಾನ್ಸಿನ್, ಮಿಸೌರಿ, ಕಾನ್ಸಾಸ್, ಮಿನೆಸೋಟ, ಐಯೊವಾ, ಡಕೋಟ ಅಂತ ಊರೂರು ಅಲೆದ ಹೆಂಗಸು. ಅವಳ ಮನೆತನದ ಇತಿಹಾಸ ಹುಡುಕೋದು ಹೇಗೆ? ಕಾದಂಬರಿ ಇದೆ, ಜಗತ್ಪ್ರಸಿದ್ಧ ಮಗಳಿದ್ದಾಳೆ, ಇನ್ನೇನು ಕಷ್ಟ ಅನ್ನಿಸಬಹುದು. ಕಷ್ಟ ಇರೋದೇ ಅಲ್ಲಿ.

ಜಮೀನಿನ ಪತ್ರ ನೋಡಿದವರಿಗೆ ಚಕ್ಕುಬಂದಿ ಗೊತ್ತಿರುತ್ತೆ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಗಾಡಿದಾರಿ, ದಕ್ಷಿಣಕ್ಕೆ ಇಂಥವರ ತೋಟ. ಜಮೀನನ್ನು ಅದರ ಸುತ್ತಲಿನವರಿಂದ ಗುರುತಿಸೋದು. 19ನೇ ಶತಮಾನದ ಹೆಂಗಸನ್ನು ದಾಖಲೆಯಲ್ಲಿ ಹುಡುಕೋದೂ ಹೀಗೇ. ಅವಳ ಹೆಸರಿಟ್ಟುಕೊಂಡು ನೇರ ಹೋದರೆ ಏನೂ ಸಿಗಲ್ಲ. ಅಪ್ಪ, ಮಲತಂದೆ, ಅಣ್ಣ, ನಾದಿನಿ, ಪಕ್ಕದ ಹೊಲದವನು, ಇವರನ್ನೆಲ್ಲ ಹಿಡಿದರೆ ನಡುವೆ ಅವಳು ಕಾಣಿಸ್ತಾಳೆ.

ತವರಿನಿಂದಲೇ ಶುರು ಮಾಡೋಣ. ಕ್ಯಾರೊಲಿನ್ ಲೇಕ್ ಕ್ವೈನರ್ ಹುಟ್ಟಿದ್ದು 1839ರ ಡಿಸೆಂಬರ್ 12ರಂದು, ವಿಸ್ಕಾನ್ಸಿನ್‌ನ ಬ್ರೂಕ್‌ಫೀಲ್ಡ್‌ನಲ್ಲಿ. ವಿಸ್ಕಾನ್ಸಿನ್ ಆಗ ಇನ್ನೂ ರಾಜ್ಯವೇ ಆಗಿರಲಿಲ್ಲ. ರಾಜ್ಯವಾದದ್ದು 1848ರಲ್ಲಿ. ಜನನ ಮರಣ ನೋಂದಣಿ ರಾಜ್ಯದ ಉದ್ದಗಲಕ್ಕೂ ಸರಿಯಾಗಿ ಶುರುವಾದದ್ದು 1907ರಲ್ಲಿ. ಅಂದಮೇಲೆ ಜನನ ಪ್ರಮಾಣಪತ್ರದ ಮಾತೇ ಇಲ್ಲ. ಬ್ರೂಕ್‌ಫೀಲ್ಡ್ ಇವತ್ತು ವಾಕೆಶಾ ಕೌಂಟಿಯಲ್ಲಿದೆ. ಆದರೆ ಆ ಕೌಂಟಿ ಮಿಲ್ವಾಕಿಯಿಂದ ಬೇರೆಯಾದದ್ದು 1846ರಲ್ಲಿ. ಹಾಗಾಗಿ 1840ರ ಕಾಗದವನ್ನು ವಾಕೆಶಾ ಹೆಸರಲ್ಲಿ ಹುಡುಕಿದವರು ಸುಮ್ನೆ ದಿನ ಕಳೆದಹಾಗೆ. ಮಿಲ್ವಾಕಿ ಕೌಂಟಿಯಲ್ಲಿ ನೋಡಬೇಕು. ಚಿಕ್ಕಬಳ್ಳಾಪುರದ ಹಳೇ ಕಾಗದ ಕೋಲಾರದ ಹೆಸರಲ್ಲಿ ಇರುತ್ತಲ್ಲ, ಹಾಗೆ.

ಅಲ್ಲಿ ಹೋದರೂ ಮಗು ಹೆಸರಾಗಿ ಸಿಗಲ್ಲ. 1840ರವರೆಗಿನ ಅಮೆರಿಕದ ಜನಗಣತಿಯಲ್ಲಿ ಮನೆ ಯಜಮಾನನ ಹೆಸರು ಮಾತ್ರ ಬರೆಯುತ್ತಿದ್ದರು. ಉಳಿದವರೆಲ್ಲ ಬರೀ ಲೆಕ್ಕ. 5 ವರ್ಷದೊಳಗಿನ ಹೆಣ್ಣುಮಕ್ಕಳು ಇಷ್ಟು, ಅಷ್ಟೇ. ಮನೆಯಲ್ಲಿದ್ದ ಎಲ್ಲರ ಹೆಸರೂ ಬರಲು ಶುರುವಾದದ್ದು 1850ರಿಂದ. ಅಷ್ಟು ಹೊತ್ತಿಗೆ ಕ್ಯಾರೊಲಿನ್ ಬದುಕು ಒಂದು ಸಲ ತಲೆಕೆಳಗಾಗಿತ್ತು. ಅಪ್ಪ ಹೆನ್ರಿ ಕ್ವೈನರ್ 1845ರ ಕೊನೆಯ ಹೊತ್ತಿಗೆ ಮಿಷಿಗನ್ ಸರೋವರದಲ್ಲಿ ಹಡಗು ಮುಳುಗಿ ಸತ್ತಿದ್ದ. ಸರೋವರ ಅಂದರೆ ನಮ್ಮ ಕೆರೆ ಅಂದುಕೊಳ್ಳಬೇಡಿ, ಆಚೆ ದಡ ಕಾಣದ ಸಮುದ್ರ ಅದು. ಕ್ಯಾರೊಲಿನ್‌ಗೆ ಆಗ 5 ವರ್ಷ, 6 ತುಂಬುವುದರಲ್ಲಿತ್ತು.

ಅವಳ ನಡುಹೆಸರು ಲೇಕ್. ಅಂದರೆ ಸರೋವರ. ಅಪ್ಪ ಸತ್ತದ್ದು ಸರೋವರದಲ್ಲಿ. ಇವೆರಡನ್ನು ಪೋಣಿಸಿ ಕತೆ ಹೆಣೆಯೋ ಆಸೆ ಯಾರಿಗಾದರೂ ಬರುತ್ತೆ. ಆದರೆ ಹೆಸರಿಟ್ಟದ್ದು ಮೊದಲು, ಹಡಗು ಮುಳುಗಿದ್ದು ಆಮೇಲೆ. ಇಸವಿಗಳನ್ನು ಪಕ್ಕಪಕ್ಕ ಇಟ್ಟರೆ ಆ ಕತೆ ಅಲ್ಲೇ ಬಿದ್ದುಹೋಗುತ್ತೆ. ಅಮೆರಿಕದ ಹಳೇ ಮನೆಗಳಲ್ಲಿ ನಡುಹೆಸರು ಎಷ್ಟೋ ಸಲ ತಾಯಿ ಕಡೆಯ ಮನೆತನದ ಗುರುತು. ಕ್ಯಾರೊಲಿನ್‌ಳ ತಾಯಿ ಶಾರ್ಲಟ್ ಟಕರ್. ಶಾರ್ಲಟ್‌ಳ ತಾಯಿ ಮಾರ್ಥಾ ಮೋರ್ಸ್. ಶಾರ್ಲಟ್ ತನ್ನ ಮೊದಲ ಹೆಣ್ಣುಮಗುವಿಗೆ ಇಟ್ಟ ಹೆಸರು ಮಾರ್ಥಾ ಮೋರ್ಸ್ ಕ್ವೈನರ್. ಆ ಮಗು ಚಿಕ್ಕಂದಿನಲ್ಲೇ ತೀರಿಕೊಂಡಿತು. ಆದರೂ ಆ ಪುಟ್ಟ ಹೆಸರೊಂದೇ ಅಜ್ಜಿಯ ತವರುಮನೆಯ ತನಕ ದಾರಿ ತೋರಿಸುತ್ತೆ. ಅಜ್ಜಿಯ ಹೆಸರನ್ನು ಮೊಮ್ಮಗಳಿಗಿಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗಂಡ ಸತ್ತ ಮೇಲೆ ಶಾರ್ಲಟ್ ಮಕ್ಕಳನ್ನು ಕಟ್ಟಿಕೊಂಡು ಜೆಫರ್ಸನ್ ಕೌಂಟಿಯ ಕಾಂಕರ್ಡ್‌ಗೆ ಹೋದಳು. 1849ರಲ್ಲಿ ಫ್ರೆಡ್ರಿಕ್ ಹಾಲ್‌ಬ್ರೂಕ್ ಎಂಬ ರೈತನನ್ನು ಮದುವೆಯಾದಳು. ಹುಡುಕುವವರು ಎಡವೋದು ಇಲ್ಲಿ. 1850ರ ಗಣತಿಯಲ್ಲಿ ಕ್ವೈನರ್ ಅಂತ ಯಜಮಾನನ ಹೆಸರು ಹುಡುಕಿದರೆ ಆ ಮನೆಯೇ ಇಲ್ಲ. ಹಾಲ್‌ಬ್ರೂಕ್ ಮನೆಯಲ್ಲಿ ನೋಡಬೇಕು. ಅದೂ ಅಲ್ಲದೆ, ಯಾರು ಯಾರಿಗೆ ಏನಾಗಬೇಕು ಅನ್ನೋ ಕಾಲಂ ಗಣತಿಗೆ ಬಂದದ್ದು 1880ರಲ್ಲಿ. ಅದಕ್ಕೆ ಮೊದಲು ಒಂದೇ ಸೂರಿನಡಿ ಇದ್ದ ಮಕ್ಕಳು ಮಕ್ಕಳೋ, ಮಲಮಕ್ಕಳೋ, ಕೆಲಸಕ್ಕಿದ್ದವರೋ ಅಂತ ಗಣತಿ ಹೇಳೋದಿಲ್ಲ.

ಮಲತಂದೆ ಅಂದಕೂಡಲೇ ಕೆಟ್ಟವನು ಅಂದುಕೊಳ್ಳೋದು ಬೇಡ. ಮುಂದೆ 1875ರಲ್ಲಿ ಕ್ಯಾರೊಲಿನ್‌ಗೆ ಒಬ್ಬನೇ ಗಂಡುಮಗ ಹುಟ್ಟಿದ. ಅವನ ಹೆಸರು ಚಾರ್ಲ್ಸ್ ಫ್ರೆಡ್ರಿಕ್. ಚಾರ್ಲ್ಸ್ ಗಂಡನ ಹೆಸರು. ಫ್ರೆಡ್ರಿಕ್ ಅನ್ನೋದು ಹಾಲ್‌ಬ್ರೂಕ್‌ನದು ಅಂತ ಹೆಚ್ಚಿನವರು ಓದುತ್ತಾರೆ. ನನಗೂ ಅದೇ ಸರಿ ಕಾಣುತ್ತೆ.

ಕಾಂಕರ್ಡ್‌ನಲ್ಲಿ ನೆರೆಮನೆಯವರಾಗಿ ಬಂದವರು ಇಂಗಲ್ಸ್ ಕುಟುಂಬ. ಆಮೇಲೆ ನಡೆದದ್ದನ್ನು ಕನ್ನಡದವರಿಗೆ ಹೇಳೋದು ಸುಲಭ, ಯಾಕೆಂದರೆ ಕೊಟ್ಟು ತಂದ ಸಂಬಂಧ ನಮಗೆ ಹೊಸದಲ್ಲ. 1859ರಲ್ಲಿ ಕ್ಯಾರೊಲಿನ್‌ಳ ಅಣ್ಣ ಹೆನ್ರಿ ಆ ಮನೆಯ ಪಾಲಿಯನ್ನು ಮದುವೆಯಾದ. 1860ರ ಫೆಬ್ರವರಿ 1ರಂದು ಕ್ಯಾರೊಲಿನ್ ಪಾಲಿಯ ಅಣ್ಣ ಚಾರ್ಲ್ಸ್‌ನನ್ನು ಮದುವೆಯಾದಳು. 1861ರಲ್ಲಿ ತಂಗಿ ಎಲೈಜಾ, ಚಾರ್ಲ್ಸ್‌ನ ಅಣ್ಣ ಪೀಟರ್‌ನನ್ನು. ಎರಡು ಮನೆ, ಮೂರು ಮದುವೆ. ಪಾಲಿ ಕ್ಯಾರೊಲಿನ್‌ಗೆ ಅತ್ತಿಗೆಯೂ ಹೌದು, ನಾದಿನಿಯೂ ಹೌದು. ಇಂಗ್ಲಿಷ್‌ನಲ್ಲಿ ಎರಡಕ್ಕೂ ಒಂದೇ ಪದ ಇರೋದರಿಂದ ಈ ಸೊಗಸು ಅವರ ಕಾಗದದಲ್ಲಿ ಕಾಣಿಸೋದೇ ಇಲ್ಲ.

ಈ ಮೂರು ಮದುವೆ ಬರೀ ಸ್ವಾರಸ್ಯದ ವಿಷಯ ಅಲ್ಲ, ಹುಡುಕಾಟದ ಬೀಗದಕೈ. ಚಾರ್ಲ್ಸ್ ಇಂಗಲ್ಸ್ ಒಂದು ಕಡೆ ನಿಲ್ಲುವ ಆಸಾಮಿ ಅಲ್ಲ. ಅವನ ಜಾಡು ತಪ್ಪಿದಾಗಲೆಲ್ಲ ಹೆನ್ರಿ ಎಲ್ಲಿದ್ದ, ಪೀಟರ್ ಎಲ್ಲಿದ್ದ ಅಂತ ನೋಡಬೇಕು. 1863ರಲ್ಲಿ ವಿಸ್ಕಾನ್ಸಿನ್‌ನ ಪೆಪಿನ್ ಬಳಿ 160 ಎಕರೆ ಕಾಡು ಕೊಂಡದ್ದು ಚಾರ್ಲ್ಸ್, ಹೆನ್ರಿ ಇಬ್ಬರೂ ಸೇರಿ. 1868ರಲ್ಲಿ ಅದನ್ನು ಗುಸ್ತಾಫ್ಸನ್ ಎಂಬವನಿಗೆ ಮಾರಿ ಮಿಸೌರಿಯ ಶಾರಿಟನ್ ಕೌಂಟಿಯಲ್ಲಿ ಜಮೀನು ಹಿಡಿದದ್ದೂ ಇಬ್ಬರೇ. ಹೆನ್ರಿ ಅಲ್ಲಿಂದ ವಾಪಸ್ ಬಂದ. ಚಾರ್ಲ್ಸ್ ಹೆಂಡತಿ ಮಕ್ಕಳನ್ನು ಕರೆದುಕೊಂಡು ಕಾನ್ಸಾಸ್ ಕಡೆ ಗಾಡಿ ತಿರುಗಿಸಿದ.

ಜಮೀನಿನ ಕಾಗದದಲ್ಲಿ ಇನ್ನೊಂದು ಗುಟ್ಟಿದೆ. ಆ ಕಾಲದಲ್ಲಿ ಗಂಡ ಜಮೀನು ಕೊಂಡಾಗ ಪತ್ರದಲ್ಲಿ ಹೆಂಡತಿ ಹೆಸರು ಬರದೇ ಇರಬಹುದು. ಮಾರುವಾಗ ಮಾತ್ರ ಅವಳೂ ಸಹಿ ಹಾಕಬೇಕಿತ್ತು. ಗಂಡ ಸತ್ತರೆ ಅವನ ಆಸ್ತಿಯಲ್ಲಿ ಅವಳಿಗೊಂದು ಪಾಲಿನ ಹಕ್ಕಿತ್ತು, ಅದನ್ನು ಬಿಟ್ಟುಕೊಟ್ಟೆ ಅಂತ ಬರೆದುಕೊಡದೆ ಕೊಳ್ಳುವವನು ದುಡ್ಡು ಕೊಡುತ್ತಿರಲಿಲ್ಲ. ಹಾಗಾಗಿ ಹೆಂಗಸರು ಕಾಗದದಲ್ಲಿ ಮುಖ ತೋರಿಸೋದು ನೆಲ ಬಿಡುವಾಗ. ಕ್ರಯಪತ್ರ ಹುಡುಕುವವರು ಕೊಂಡವರ ಸೂಚಿಯನ್ನಷ್ಟೇ ತಿರುವಿ ಹಾಕಿ ಎದ್ದುಬಿಡುತ್ತಾರೆ. ಮಾರಿದವರ ಸೂಚಿಯನ್ನೂ ನೋಡಬೇಕು.

ಈಗ ಕಾನ್ಸಾಸ್. ಈ ಪ್ರಕರಣದ ಗಂಟು ಇರೋದು ಇಲ್ಲೇ.

ಲಾರಾ ಕಾದಂಬರಿಗಳ ಪ್ರಕಾರ ಕುಟುಂಬ ವಿಸ್ಕಾನ್ಸಿನ್ ಕಾಡಲ್ಲಿತ್ತು, ಅಲ್ಲಿಂದ ಕಾನ್ಸಾಸ್ ಹುಲ್ಲುಗಾವಲಿಗೆ ಹೋಯಿತು. ಹೊರಡುವಾಗ ಮೂರನೇ ಮಗಳು ಕ್ಯಾರಿ ಕೈಗೂಸು. ಲಾರಾ ಸುತ್ತಮುತ್ತ ನಡೆದದ್ದೆಲ್ಲ ನೋಡಿ ನೆನಪಿಟ್ಟುಕೊಳ್ಳುವಷ್ಟು ದೊಡ್ಡವಳು. ಓದಿದವರು ಇದನ್ನೇ ಚರಿತ್ರೆ ಅಂತ ನಂಬಿದರು. ಆದರೆ ಮನೆಯ ಬೈಬಲ್ ಬೇರೆ ಹೇಳುತ್ತೆ. ಹುಟ್ಟು ಸಾವು ಬರೆದಿಡುವ ಪುಟದಲ್ಲಿ ಕ್ಯಾರೊಲಿನ್ ಸೆಲೆಸ್ಟಿಯಾ, ಅಂದರೆ ಕ್ಯಾರಿ, ಹುಟ್ಟಿದ್ದು 1870ರ ಆಗಸ್ಟ್ 3, ಕಾನ್ಸಾಸ್‌ನ ಮಾಂಟ್ಗೊಮರಿ ಕೌಂಟಿಯಲ್ಲಿ ಅಂತಿದೆ. ಮಗು ಕಾನ್ಸಾಸ್‌ನಲ್ಲಿ ಹುಟ್ಟಿದ ಮೇಲೆ ವಿಸ್ಕಾನ್ಸಿನ್‌ನಿಂದ ಅದನ್ನು ಎತ್ತಿಕೊಂಡು ಬರೋಕಾಗುತ್ತಾ?

ಮನೆ ಬೈಬಲ್ ಕೂಡ ಕಣ್ಣುಮುಚ್ಚಿ ನಂಬುವಂಥದ್ದಲ್ಲ. ಒಂದೇ ಶಾಯಿ, ಒಂದೇ ಕೈಬರಹದಲ್ಲಿ ಎಲ್ಲ ತಾರೀಖೂ ಇದ್ದರೆ ಯಾರೋ ಆಮೇಲೆ ಕೂತು ಒಟ್ಟಿಗೆ ಬರೆದಿರಬಹುದು. ಪುಸ್ತಕ ಅಚ್ಚಾದ ಇಸವಿಗಿಂತ ಹಿಂದಿನ ತಾರೀಖು ಇದ್ದರೆ ಅದು ಖಂಡಿತ ನೆನಪಿನಿಂದ ಬರೆದದ್ದು. ಆದ್ದರಿಂದ ಇನ್ನೊಂದು ಸಾಕ್ಷಿ ಬೇಕು. ಅದು ಸಿಕ್ಕಿದ್ದು 1870ರ ಜನಗಣತಿಯಲ್ಲಿ, ಮಾಂಟ್ಗೊಮರಿ ಕೌಂಟಿಯ ರಟ್ಲೆಂಡ್ ಟೌನ್‌ಶಿಪ್ ಹಾಳೆಗಳಲ್ಲಿ. ಇಂಗಲ್ಸ್ ಅಂತ ಹುಡುಕಿದರೆ ಸಿಗಲ್ಲ. ಗಣತಿದಾರ ಕಿವಿಗೆ ಬಿದ್ದ ಹಾಗೆ ಇಂಗ್ಲೆಸ್ ಅಂತ ಬರೆದಿದ್ದಾನೆ. ಆ ಗಣತಿದಾರ ಏಸಾ ಹೇರ್‌ಗ್ರೋವ್. 1858ರಲ್ಲಿ ಗುಲಾಮಗಿರಿ ಪರವಾದವರು ಕಾನ್ಸಾಸ್ ಗಡಿಯಲ್ಲಿ ಹನ್ನೊಂದು ಜನರನ್ನು ಸಾಲಾಗಿ ನಿಲ್ಲಿಸಿ ಗುಂಡು ಹೊಡೆದರಲ್ಲ, ಅದರಲ್ಲಿ ಗಾಯಗೊಂಡು ಬದುಕಿ ಉಳಿದವರಲ್ಲಿ ಈತನೂ ಒಬ್ಬ.

ಕ್ಯಾರಿ ವಿಷಯಕ್ಕೆ ಗಣತಿಯನ್ನೊಂದನ್ನೇ ನಂಬೋ ಹಾಗಿರಲಿಲ್ಲ. ಆ ಸಲದ ಲೆಕ್ಕದ ದಿನ ಜೂನ್ 1. ಅದರ ಆಮೇಲೆ ಹುಟ್ಟಿದ ಮಗುವನ್ನು ಬರೆಯಬಾರದು ಅಂತ ನಿಯಮ. ಹಾಗಾಗಿ ಮಗು ಯಾವಾಗ ಹುಟ್ಟಿತು ಅನ್ನೋದಕ್ಕೆ ಬೈಬಲ್ ಪುಟ, ಕುಟುಂಬ ಎಲ್ಲಿತ್ತು ಅನ್ನೋದಕ್ಕೆ ಗಣತಿ. ಎರಡೂ ಸೇರಿದಾಗ ಕತೆ ಸರಿಹೋಯಿತು. ಇಂಗಲ್ಸ್‌ಗಳು ಕಾನ್ಸಾಸ್‌ನಲ್ಲಿದ್ದದ್ದು 1869ರಿಂದ 1871ರವರೆಗೆ. ಆಗ ಲಾರಾಗೆ 2ರಿಂದ 4 ವರ್ಷ. ಆಮೇಲೆ ವಾಪಸ್ ಪೆಪಿನ್. ಅಂದರೆ ಕಾದಂಬರಿಯಲ್ಲಿ ಮೊದಲು ಬರುವ ವಿಸ್ಕಾನ್ಸಿನ್ ನೆನಪುಗಳು ನಿಜದಲ್ಲಿ ಕಾನ್ಸಾಸ್ ಆದಮೇಲಿನವು. 2 ವರ್ಷದ ಮಗುವಿಗೆ ಏನು ನೆನಪಿರುತ್ತೆ? ಕಾನ್ಸಾಸ್ ಕತೆಯಲ್ಲಿ ಲಾರಾ ಕಣ್ಣಿಂದ ಕಂಡದ್ದು ಕಡಿಮೆ. ಅಪ್ಪ ಅಮ್ಮ ಚಳಿಗಾಲದ ರಾತ್ರಿ ಹೇಳಿದ್ದು ಜಾಸ್ತಿ. ಸುಳ್ಳು ಹೇಳಿದರು ಅಂತ ನಾನು ಹೇಳ್ತಿಲ್ಲ. ಕಾದಂಬರಿಗೆ ಬೇಕಾದ ಹಾಗೆ ಸಾಲು ಬದಲಾಯಿಸಿದರು. ಆದರೆ ಮನೆ ಹುಡುಕಲು ಹೋದಾಗ ತಲೆಯಲ್ಲಿ ಕೂತಿದ್ದ ತಪ್ಪು ಮೈಲಿಲೆಕ್ಕ ಅವರನ್ನೇ ದಾರಿ ತಪ್ಪಿಸಿತು.

ಹಾಗಿದ್ದರೆ ಮನೆಯ ಜಾಗ ಕೊನೆಗೆ ಸಿಕ್ಕಿದ್ದು ಹೇಗೆ? ಚಾರ್ಲ್ಸ್ ಹೆಸರಲ್ಲಿ ಅಲ್ಲಿ ಯಾವ ಪತ್ರವೂ ಇಲ್ಲ. ಆ ನೆಲ ಓಸೇಜ್ ಎಂಬ ಮೂಲನಿವಾಸಿ ಜನರದ್ದು. ಬಿಳಿಯರು ಬಂದು ಬೇರೂರಿದ್ದು ನಮ್ಮ ಕಡೆ ಬಗರ್ ಹುಕುಂ ಅಂತೀವಲ್ಲ, ಆ ಥರ. ವ್ಯತ್ಯಾಸ ಅಂದರೆ ನೆಲ ಸರ್ಕಾರದ್ದೂ ಆಗಿರಲಿಲ್ಲ, ಇನ್ನೊಂದು ಜನಾಂಗದ ಮನೆಯಂಗಳವಾಗಿತ್ತು. ಗಣತಿ ಹಾಳೆಯಲ್ಲಿ ಜಮೀನಿನ ಬೆಲೆಯ ಕಾಲಂ ಖಾಲಿ ಇದೆ. ಇದು ಓಸೇಜರ ನೆಲ, ಇಲ್ಲಿ ಕೂತವರಿಗೆ ಹಕ್ಕಿಲ್ಲ ಅಂತ ಹೇರ್‌ಗ್ರೋವ್ ಷರಾ ಬರೆದಿದ್ದಾನೆ. ಅದೇ 1870ರ ಜುಲೈ 15ರಂದು ಅಮೆರಿಕದ ಸಂಸತ್ತು ಒಂದು ಕಾಯ್ದೆ ಮಾಡಿ ಓಸೇಜರನ್ನು ದಕ್ಷಿಣಕ್ಕೆ ಕಳಿಸಲು, ಈ ನೆಲವನ್ನು ಕೂತವರಿಗೇ ಎಕರೆಗೆ 1.25 ಡಾಲರ್‌ಗೆ ಮಾರಲು ದಾರಿ ಮಾಡಿತು. ಪಕ್ಕದವರು ಅರ್ಜಿ ಹಾಕಿ ಹಕ್ಕುಪತ್ರ ಮಾಡಿಸಿಕೊಂಡರು. ಚಾರ್ಲ್ಸ್ ಅಷ್ಟರಲ್ಲಿ ಗಾಡಿ ಕಟ್ಟಿದ್ದ. ಪೆಪಿನ್ ಜಮೀನಿನ ಬಾಕಿ ಕಟ್ಟಲಾಗದೆ ಗುಸ್ತಾಫ್ಸನ್ ಅದನ್ನು ಬಿಟ್ಟುಕೊಡೋನಿದ್ದ.

ಇಂಡಿಪೆಂಡೆನ್ಸ್ ಊರಿನ ಒಬ್ಬ ಮಹಿಳೆ 1960ರ ದಶಕದಲ್ಲಿ ಇದನ್ನೇ ಉಪಾಯ ಮಾಡಿಕೊಂಡರು. ಗಣತಿದಾರ ಒಂದು ಮನೆಯಿಂದ ಪಕ್ಕದ ಮನೆಗೆ ನಡೆದಿರುತ್ತಾನೆ ತಾನೇ? ಹಾಗಾಗಿ ಹಾಳೆಯಲ್ಲಿ ಇಂಗಲ್ಸ್ ಹಿಂದೆ ಮುಂದೆ ಇರುವ ಹೆಸರುಗಳು ನೆರೆಯವರು. ಅವರ ಹಕ್ಕುಪತ್ರಗಳಲ್ಲಿ ಸರ್ವೆ ಗುರುತು ಇದೆ. ಒಂದೊಂದನ್ನೇ ನಕ್ಷೆಯ ಮೇಲೆ ಗುರುತು ಹಾಕುತ್ತಾ ಬಂದರು. ಸುತ್ತ ಎಲ್ಲ ತುಂಬಿ, ಯಾರೂ ಹಕ್ಕು ಕೇಳದ ಒಂದು ತುಂಡು ನಡುವೆ ಉಳಿಯಿತು. ಚಕ್ಕುಬಂದಿ ಅಂದರೆ ಇದೇ. ಆ ನೆರೆಯವರಲ್ಲಿ ಡಾಕ್ಟರ್ ಜಾರ್ಜ್ ಟ್ಯಾನ್ ಎಂಬ ಕಪ್ಪು ವೈದ್ಯನೂ ಇದ್ದ. ಕಾದಂಬರಿಯಲ್ಲಿ ಜ್ವರ ಬಂದು ಮಲಗಿದ್ದ ಮನೆಯವರನ್ನೆಲ್ಲ ಬದುಕಿಸುವ ಕಪ್ಪು ವೈದ್ಯ ಈತನೇ. ಇವನ ಸಮಾಧಿ ಇವತ್ತಿಗೂ ಇಂಡಿಪೆಂಡೆನ್ಸ್‌ನ ಸ್ಮಶಾನದಲ್ಲಿದೆ. ಕಾದಂಬರಿ ಎಲ್ಲೆಲ್ಲೋ ತಪ್ಪಿದರೂ ಇಲ್ಲಿ ತಪ್ಪಿಲ್ಲ ನೋಡಿ.

ಬದಲಾಯಿಸಿ ಹೇಳಿದ್ದು ಒಂದು ಥರ. ಹೇಳದೆ ಬಿಟ್ಟದ್ದು ಇನ್ನೊಂದು. ಪ್ಲಮ್ ಕ್ರೀಕ್ ತೊರೆಯ ಬಳಿ ಮಿಡತೆಗಳು ಗೋಧಿ ಬೆಳೆಯನ್ನೆಲ್ಲ ಮುಗಿಸಿದ ಮೇಲೆ ಕುಟುಂಬ ಮಿನೆಸೋಟ ಬಿಟ್ಟು ಐಯೊವಾದ ಬರ್ ಓಕ್‌ಗೆ ಹೋಗಿ ಒಂದು ಹೋಟೆಲ್ ನೋಡಿಕೊಂಡಿತು. ಹೋಗುವ ದಾರಿಯಲ್ಲಿ ಪೀಟರ್-ಎಲೈಜಾ ಮನೆಯಲ್ಲಿ ತಂಗಿದ್ದಾಗ, 1876ರ ಆಗಸ್ಟ್ 27ರಂದು, ಒಂಬತ್ತು ತಿಂಗಳ ಚಾರ್ಲ್ಸ್ ಫ್ರೆಡ್ರಿಕ್ ತೀರಿಕೊಂಡ. ಮಕ್ಕಳ ಕಾದಂಬರಿಗಳಲ್ಲಿ ಬರ್ ಓಕ್ ಇಲ್ಲ, ಈ ಮಗುವೂ ಇಲ್ಲ. ಕಾದಂಬರಿಯನ್ನು ವಂಶವೃಕ್ಷ ಅಂದುಕೊಂಡವರು ಕ್ಯಾರೊಲಿನ್‌ಗೆ ನಾಲ್ಕೇ ಮಕ್ಕಳು ಅಂತ ಬರೆದರು. ನಿಜದಲ್ಲಿ ಐದು: ಮೇರಿ, ಲಾರಾ, ಕ್ಯಾರಿ, ಚಾರ್ಲ್ಸ್ ಫ್ರೆಡ್ರಿಕ್, ಗ್ರೇಸ್. ಇಂಥ ತಪ್ಪು ಹಿಡಿಯಲು ಒಂದು ಸುಲಭ ಜಾಗ ಇದೆ. 1900ರ ಜನಗಣತಿ ಪ್ರತಿ ತಾಯಿಯನ್ನೂ ಕೇಳಿತು: ಎಷ್ಟು ಹೆತ್ತೆ, ಎಷ್ಟು ಬದುಕಿವೆ? ಎರಡು ಪುಟ್ಟ ಅಂಕಿ. ಅವುಗಳ ನಡುವಿನ ವ್ಯತ್ಯಾಸದಲ್ಲಿ ಎಷ್ಟೋ ಮನೆಗಳ ಹೇಳದ ಕತೆಗಳಿವೆ. 1890ರ ಗಣತಿಯಲ್ಲೂ ಇದನ್ನೇ ಕೇಳಿದ್ದರು, ಆದರೆ ಅದರ ಬಹುಪಾಲು 1921ರ ಬೆಂಕಿಯಲ್ಲಿ ಹಾಳಾಯಿತು.

ಲಾರಾ ಆ ತಮ್ಮನನ್ನು ಮರೆತಿರಲಿಲ್ಲ. 1930ರಲ್ಲಿ ದೊಡ್ಡವರಿಗಾಗಿ ಬರೆದ ಆತ್ಮಕತೆಯಲ್ಲಿ ಅವನೂ ಇದ್ದಾನೆ, ಬರ್ ಓಕ್ ಕೂಡ ಇದೆ. ಆಗ ಪ್ರಕಾಶಕರು ಅದನ್ನು ಬೇಡ ಅಂದರು. ಅಚ್ಚಾದದ್ದು 2014ರಲ್ಲಿ. ಮೇರಿ ಕಣ್ಣು ಕಳೆದುಕೊಂಡ ವಿಷಯವೂ ಹೀಗೇ. ಕಾದಂಬರಿಯಲ್ಲಿ ಕಾರಣ ಸ್ಕಾರ್ಲೆಟ್ ಜ್ವರ. 2013ರಲ್ಲಿ ವೈದ್ಯರ ತಂಡವೊಂದು ಲಾರಾಳ ಪತ್ರ, ಆತ್ಮಕತೆ, ಆ ಕಾಲದ ಸ್ಥಳೀಯ ಪತ್ರಿಕೆಯ ಸುದ್ದಿ ಎಲ್ಲ ಜೋಡಿಸಿ ನೋಡಿ, ಅದು ವೈರಸ್‌ನಿಂದ ಬಂದ ಮಿದುಳು ಉರಿಯೂತ ಇರಬೇಕು ಅಂತ ಹೇಳಿತು. ಊರಿನ ಸಣ್ಣ ಪತ್ರಿಕೆಗಳಲ್ಲಿ ಯಾರ ಮನೆಗೆ ಯಾರು ಬಂದರು, ಯಾರಿಗೆ ಹುಷಾರಿಲ್ಲ ಅಂತೆಲ್ಲ ಬರುತ್ತಿತ್ತು. ಹೆಂಗಸರನ್ನು ಹುಡುಕಲು ಅದಕ್ಕಿಂತ ಒಳ್ಳೇ ಜಾಗ ಕಡಿಮೆ.

ಡಕೋಟದ ಡಿ ಸ್ಮೆಟ್ ಭಾಗದ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ಅಲ್ಲಿ ದಾಖಲೆ ಬೇಕಾದಷ್ಟಿದೆ. ಚಾರ್ಲ್ಸ್ 1880ರಲ್ಲಿ ಹೋಮ್‌ಸ್ಟೆಡ್ ಜಮೀನಿಗೆ, ಅಂದರೆ ನೆಲೆಸಿ ಉಳುವವರಿಗೆ ಸರ್ಕಾರ ಕೊಡುತ್ತಿದ್ದ ಜಮೀನಿಗೆ, ಅರ್ಜಿ ಹಾಕಿ 1886ರಲ್ಲಿ ಹಕ್ಕು ಪಡೆದ. ಗಂಡ ಇರುವ ಹೆಂಗಸು ತನ್ನ ಹೆಸರಲ್ಲಿ ಅರ್ಜಿ ಹಾಕುವ ಹಾಗಿರಲಿಲ್ಲ. ಮದುವೆಯಾಗದವಳು, ವಿಧವೆ ಹಾಕಬಹುದಿತ್ತು. ಕ್ಯಾರೊಲಿನ್ ಹೆಸರು ಸಿಗೋದು ಅಲ್ಲಿನ ಕಾಂಗ್ರಿಗೇಷನಲ್ ಚರ್ಚಿನ ಮೊದಲ ಸದಸ್ಯರ ಪಟ್ಟಿಯಲ್ಲಿ. ಚಾರ್ಲ್ಸ್ 1902ರಲ್ಲಿ ಸತ್ತ. ಕ್ಯಾರೊಲಿನ್ ಅದೇ ಊರಲ್ಲಿ ಇನ್ನೂ 22 ವರ್ಷ ಬದುಕಿದಳು.

ನಾನು ಕ್ಯಾರೊಲಿನ್ ಇಂಗಲ್ಸ್‌ಳ ನೇರ ವಂಶದವನು ಅಂತ ಯಾರಾದರೂ ಹೇಳಿದರೆ ಕಾಗದ ಕೇಳುವುದೂ ಬೇಡ. ಮೇರಿ ಮದುವೆಯಾಗಲಿಲ್ಲ. ಕ್ಯಾರಿಗೂ ಗ್ರೇಸ್‌ಗೂ ಮಕ್ಕಳಾಗಲಿಲ್ಲ. ಲಾರಾಳ ಗಂಡುಮಗು ಹುಟ್ಟಿದ ಕೆಲವೇ ದಿನಕ್ಕೆ ಹೋಯಿತು. ಉಳಿದ ರೋಸ್‌ಗೆ ಹುಟ್ಟಿದ ಒಂದು ಮಗುವೂ ಉಳಿಯಲಿಲ್ಲ. 1968ರಲ್ಲಿ ರೋಸ್ ತೀರಿಕೊಂಡಾಗ ಆ ಕವಲು ನಿಂತಿತು. ಇವತ್ತು ಇರುವವರು ಅಣ್ಣತಮ್ಮ, ಅಕ್ಕತಂಗಿಯರ ಕಡೆಯವರು. ಅದರಲ್ಲೂ ಹೆನ್ರಿ-ಪಾಲಿ, ಪೀಟರ್-ಎಲೈಜಾ ಮಕ್ಕಳು ಲಾರಾಗೆ ಅಪ್ಪನ ಕಡೆಯಿಂದಲೂ ಅಮ್ಮನ ಕಡೆಯಿಂದಲೂ ನೆಂಟರು. ಡಿಎನ್‌ಎ ಪರೀಕ್ಷೆಯಲ್ಲಿ ಇಂಥವರ ನಡುವಿನ ಹೋಲಿಕೆ ಮಾಮೂಲಿ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳಿಗಿಂತ ಎರಡು ಪಟ್ಟು ಬರುತ್ತೆ, ಸುಮಾರು 25 ಶೇಕಡ. ಈ ಮೂರು ಮದುವೆಯ ವಿಷಯ ಗೊತ್ತಿಲ್ಲದವರು ಫಲಿತಾಂಶ ನೋಡಿ ಸಂಬಂಧವನ್ನು ಒಂದು ಹೆಜ್ಜೆ ಹತ್ತಿರಕ್ಕೆ ಎಳೆದುಬಿಡುತ್ತಾರೆ.

ಈ ಹುಡುಕಾಟವನ್ನು ಮೊದಲು ಶುರು ಮಾಡಿದ್ದೂ ಲಾರಾನೇ. ಅಮ್ಮ ಸತ್ತದ್ದು 1924ರ ಏಪ್ರಿಲ್ 20ರಂದು. 1925ರಲ್ಲಿ ಲಾರಾ ದೊಡ್ಡಮ್ಮ ಮಾರ್ಥಾಗೆ ಕಾಗದ ಬರೆದರು. ಚಿಕ್ಕಂದಿನಲ್ಲೇ ತೀರಿಕೊಂಡ ಮಾರ್ಥಾ ಅಲ್ಲ, ಆಮೇಲೆ ಹುಟ್ಟಿ ಅದೇ ಹೆಸರು ಪಡೆದವರು. ನೀವು, ಅಮ್ಮ ಎಲ್ಲ ಚಿಕ್ಕವರಿದ್ದಾಗ ಮನೆ ಹೇಗಿತ್ತು, ಏನು ಅಡುಗೆ ಮಾಡುತ್ತಿದ್ದರು, ಬರೆದು ಕಳಿಸಿ ಅಂತ ಕೇಳಿದರು. ದೊಡ್ಡಮ್ಮನಿಗೆ ಆಗ 87-88ರ ವಯಸ್ಸು. ನೆನಪಿದ್ದಷ್ಟನ್ನು ಬರೆದು ಕಳಿಸಿದರು. ಇನ್ನೆರಡು ವರ್ಷಕ್ಕೆ ಅವರೂ ಇರಲಿಲ್ಲ.